ಒಣಗುವವರೆಗೆ ಕಾಯದೆ ಹಸಿ ಮರವನ್ನೇ ಸೀಳಿದೆ: ಸೌದೆ ಒಟ್ಟಿದ ನನ್ನ ಅನುಭವ

ಈ ಸಲ ಮಳೆ ಹಿಡಿದು ಹತ್ತು ಹನ್ನೆರಡು ದಿನ ಬಿಸಿಲೇ ಕಾಣಲಿಲ್ಲ. ಆದರೂ ನನ್ನ ಒಲೆ ಒಂದು ದಿನವೂ ಹೊಗೆ ಕಾರಲಿಲ್ಲ, ಊದುಕೊಳವೆ ಮೂಲೆಯಲ್ಲೇ ನಿಂತಿತ್ತು. ಇದನ್ನು ಹೇಳಿಕೊಳ್ಳಲೇಬೇಕು. ಯಾಕೆಂದರೆ ಎರಡು ವರ್ಷದ ಹಿಂದೆ ನಾನು ಹಸಿ ದಿಮ್ಮಿಗಳನ್ನು ಸೀಳುತ್ತಿದ್ದಾಗ ಅಣ್ಣ ಬಂದು, "ಮೊದಲು ಒಣಗಲಿ ಕಣೇ, ಆಮೇಲೆ ಸೀಳು. ಸುಮ್ನೆ ಯಾಕೆ ಕೈ ನೋಯಿಸಿಕೊಳ್ತೀಯಾ" ಎಂದಿದ್ದ. ಅವನೊಬ್ಬನೇ ಅಲ್ಲ, ಸೌದೆ ಮಾರುವವರೂ ಅದನ್ನೇ ಹೇಳಿದ್ದರು. ಎಲ್ಲರೂ ಹೇಳುವುದು ಅದೇ ತಾನೇ, ಕಡಿದು ಬಿಸಾಕು, ಒಣಗಿದ ಮೇಲೆ ಒಡೆಯೋಣ ಅಂತ. ನಾನು ತಿರುಗಾ ಮುರುಗಾ ಮಾಡಿದೆ. ಮರ ತಂದ ದಿನವೇ, ಬಹಳ ಅಂದರೆ ಆ ವಾರದಲ್ಲೇ, ಸೀಳಿ ಒಟ್ಟಿದೆ.

ಕೊಡಲಿ, ಬೆಣೆ, ಗರಗಸ ಹಿಡಿಯುವುದು ನಿಮಗೆ ಗೊತ್ತಿರುತ್ತದೆ, ಅದನ್ನೆಲ್ಲ ಬರೆಯಲ್ಲ. ಎಲ್ಲಿ ಕೆಟ್ಟಿತು, ಎಲ್ಲಿ ದುಡ್ಡು ಹೋಯಿತು ಅನ್ನುವುದನ್ನು ಬರೆಯುತ್ತೇನೆ.

ಹಸಿ ಸೀಳಲು ಶುರು ಮಾಡುವ ಮುಂಚೆ, ಎಲ್ಲರ ಹಾಗೆ ನಾನೂ ಒಣಗಲಿ ಅಂತ ಬಿಟ್ಟ ಮೊದಲ ವರ್ಷ ಪೂರ್ತಿ ಹಾಳು. ಗಾಳಿಗೆ ಬಿದ್ದ ಕೊಂಬೆ, ಯಾರೋ ಸವರಿ ಹಾಕಿದ ಮರ, ಕೇಳಿದ ಕಡೆಯೆಲ್ಲ ಸಿಕ್ಕಿದ್ದನ್ನು ತಂದೆ. ಗುಂಡಗಿನ ತುಂಡುಗಳನ್ನು ಹಾಗೇ, ತೊಗಟೆ ಸಮೇತ, ನೆಲದ ಮೇಲೆ ರಾಶಿ ಹಾಕಿ ಕಪ್ಪು ಟಾರ್ಪಾಲು ಬುಡದವರೆಗೂ ಹೊದಿಸಿದೆ. ಒಂದು ವರ್ಷ ಬಿಟ್ಟು ತೆಗೆದರೆ ಹೊರಗೆ ಬಿರುಕು ಬಿಟ್ಟು ಚೆನ್ನಾಗಿ ಒಣಗಿದ ಹಾಗೆ ಕಾಣುತ್ತಿತ್ತು. ಒಂದನ್ನು ಸೀಳಿ ಒಳಮೈ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ತೇವ ಕೈಗೆ ಹತ್ತಿತು. ತೊಗಟೆ ಸಂದಿಯಲ್ಲೆಲ್ಲ ಬಿಳಿ ಬೂಷ್ಟು. ಕೆಳಗಿನ ಸಾಲಿಗೆ ಗೆದ್ದಲು ಹತ್ತಿ ಎತ್ತಿದರೆ ಮಣ್ಣಿನ ಹಾಗೆ ಉದುರುತ್ತಿತ್ತು. ಐದರಲ್ಲಿ ಒಂದು ಪಾಲು ಹಾಗೇ ಹೋಯಿತು.

ಒಲೆ ಹೊತ್ತಬೇಕಲ್ಲ, ಅದಕ್ಕೆ ಆ ವರ್ಷ ಸೌದೆ ಕೊಂಡೆ. ತೂಕದ ಲೆಕ್ಕದಲ್ಲಿ, "ಪೂರ್ತಿ ಒಣಗಿದ್ದು" ಅಂತ ಹೇಳಿ ಕೊಟ್ಟರು. ಉರಿಸಿದರೆ ತುದಿಯಲ್ಲಿ ಸುಯ್ ಅಂತ ನೊರೆ ಬರುತ್ತಿತ್ತು. ಹಸಿ ಸೌದೆಯನ್ನು ತೂಕ ಹಾಕಿ ಕೊಂಡರೆ ನೀವು ನೀರಿಗೆ ದುಡ್ಡು ಕೊಟ್ಟ ಹಾಗೆ. ಅಂದಾಜು ಮೂರರಲ್ಲಿ ಒಂದು ಪಾಲು ದುಡ್ಡು ನೀರಿಗೇ ಹೋಯಿತು. ಅದು ಸಾಲದು ಅಂತ ಚಿಮಣಿಯೊಳಗೆ ಕಪ್ಪಗೆ, ಮಿರಿಮಿರಿ ಹೊಳೆಯುವ ಡಾಂಬರಿನಂಥ ಅಂಟು ಕಟ್ಟಿತು. ಅದನ್ನು ಕೆರೆಸಲು ಬೇರೆ ಖರ್ಚು. ಅದು ಬರೀ ಗಲೀಜಿನ ಮಾತಲ್ಲ, ಆ ಅಂಟಿಗೇ ಬೆಂಕಿ ಹತ್ತುತ್ತದೆ, ಹುಷಾರು.

ಆಗ ಹುಟ್ಟಿದ ಛಲ. ಒಂದೇ ಕೊಂಬೆಯಿಂದ ಅಕ್ಕಪಕ್ಕದ ಎರಡು ತುಂಡು ತೆಗೆದೆ, ಎರಡೂ ಸುಮಾರು 2.4 ಕಿಲೋ. ಒಂದನ್ನು ಆಗಲೇ ನಾಲ್ಕು ಸೀಳು ಮಾಡಿದೆ, ಇನ್ನೊಂದನ್ನು ಗುಂಡಗೆ ಬಿಟ್ಟೆ. ಎರಡನ್ನೂ ಒಂದೇ ಮಾಡಿನ ಕೆಳಗೆ ಇಟ್ಟು ಪ್ರತಿ ಭಾನುವಾರ ತೂಗುತ್ತಾ ಬಂದೆ. ಬರೆದಿಟ್ಟ ಚೀಟಿ ಈಗಿಲ್ಲ, ನೆನಪಿನಿಂದ ಹೇಳುತ್ತೇನೆ. ನಾಲ್ಕು ತಿಂಗಳಿಗೆ ಸೀಳಿದ್ದು ಒಂದೂವರೆ ಕಿಲೋಗೆ ಇಳಿದು ಅಲ್ಲೇ ನಿಂತಿತು. ಗುಂಡಗಿನದು ಎರಡು ಕಿಲೋಗಿಂತ ಜಾಸ್ತಿಯೇ ಇತ್ತು. ಮರದ ನೀರು ಮುಖ್ಯವಾಗಿ ಕೊಯ್ದ ತುದಿಯಿಂದ ಹೋಗುತ್ತದೆ, ತೊಗಟೆ ಅದನ್ನು ಬಾಟಲಿ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಅಣ್ಣನ ಕೈಗೇ ಎರಡನ್ನೂ ಕೊಟ್ಟೆ. ಎರಡೆರಡು ಸಲ ಎತ್ತಿ ನೋಡಿದ, ಏನೂ ಮಾತಾಡಲಿಲ್ಲ.

ಇನ್ನೊಂದು ವಿಷಯ. ಹಸಿ ಮರ ಸೀಳುವುದು ಕಷ್ಟ ಅನ್ನುವುದೇ ಬಹುಪಾಲು ಸುಳ್ಳು. ನೀಲಗಿರಿಯನ್ನೇ ನೋಡಿ. ಹಸಿಯಲ್ಲಿ ನನಗೆ ಎರಡು ಪೆಟ್ಟಿಗೆ ಬಿಚ್ಚಿಕೊಂಡಿತು. ಅದೇ ಮರದ ತುಂಡು ವರ್ಷ ಬಿಟ್ಟು ಹಗ್ಗ ಹೊಸೆದ ಹಾಗೆ ಎಳೆ ಬಿಗಿದುಕೊಂಡಿತ್ತು, ಕೊಡಲಿ ಕಚ್ಚಿಕೊಂಡು ಬಿಡಿಸಲು ಇನ್ನೊಂದು ಬೆಣೆ ಬೇಕಾಯಿತು. ಎಲ್ಲ ಮರವೂ ಹೀಗೆ ಅಂತ ಹೇಳಲ್ಲ. ನಾರು ಜಾಸ್ತಿ ಇರುವ ಕೆಲವು ಮರ ಹಸಿಯಲ್ಲಿ ಬೆಣೆಯನ್ನು ಮೆತ್ತಗೆ ನುಂಗಿಬಿಡುತ್ತವೆ, ಬಿರಿಯುವುದೇ ಇಲ್ಲ. ಅವನ್ನು ತುದಿ ಬಿರುಕು ಬಿಡುವವರೆಗೆ ಎರಡು ಮೂರು ವಾರ ಬಿಟ್ಟು ಸೀಳುತ್ತೇನೆ.

ಕೊಡಲಿ ವಿಷಯದಲ್ಲಿ ದುಡ್ಡು ಕಳೆದುಕೊಂಡೆ. ಭಾರ ಇದ್ದಷ್ಟೂ ಒಳ್ಳೆಯದು ಎಂದು ಮೂರೂವರೆ ಕಿಲೋ ತಲೆಯದ್ದು ತಂದೆ. ಇಪ್ಪತ್ತು ಪೆಟ್ಟಿಗೆ ಭುಜ ಸೋತಿತು. ಅರ್ಧ ಬೆಲೆಗೆ ಮಾರಿ, ಎರಡು ಕಿಲೋದ, ಕೆನ್ನೆ (ಅಲಗಿನ ಪಕ್ಕ) ದಪ್ಪಗಿರುವ ಕೊಡಲಿ ತೆಗೆದುಕೊಂಡೆ. ಈಗ ಒಂದು ಗಂಟೆ ನಿಲ್ಲದೆ ಸೀಳುತ್ತೇನೆ. ಭಾರಕ್ಕಿಂತ ಬೀಸಿನ ವೇಗವೇ ಕೆಲಸ ಮಾಡುತ್ತದೆ. ಕೊಡಲಿಯ ಕಾವು (ಹಿಡಿ) ಎರಡು ಸಲ ಮುರಿಯಿತು, ಎರಡು ಸಲವೂ ಪೆಟ್ಟು ಮುಂದಕ್ಕೆ ಬಿದ್ದು ಕಾವಿನ ಕುತ್ತಿಗೆ ದಿಮ್ಮಿ ಅಂಚಿಗೆ ಬಡಿದದ್ದೇ ಕಾರಣ. ಸೈಕಲ್ ಟ್ಯೂಬ್ ಕತ್ತರಿಸಿ ಆ ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ಮೇಲೆ ಇವತ್ತಿನವರೆಗೂ ಅದೇ ಕಾವು. ನಡುವೆ ಒಂದು ದಿನ ಸೀಳುವ ಯಂತ್ರ ಬಾಡಿಗೆಗೆ ತಂದಿದ್ದೆ. ಕೆಲಸ ಬೇಗ ಆಯಿತು ನಿಜ, ಆದರೆ ಆ ಬಾಡಿಗೆಗೆ ಅಷ್ಟೇ ಸೌದೆ ಕೊಳ್ಳಬಹುದಿತ್ತು. ಮತ್ತೆ ತರಲಿಲ್ಲ.

ಸೀಳುವಾಗ ದೊಡ್ಡ ದಿಮ್ಮಿಯ ನಡುವಿಗೆ ಹೊಡೆಯಬೇಡಿ. ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತಾ ಸುತ್ತ ಬನ್ನಿ, ಕೊನೆಗೆ ನಡುವಿನ ತಿರುಳು ತಾನಾಗಿ ಸಣ್ಣದಾಗಿರುತ್ತದೆ. ಗಂಟು ಇರುವ ತುದಿ ಕೆಳಗಿರಲಿ. ದಿಮ್ಮಿ ಇಟ್ಟು ಸೀಳುವ ಕೊರಡು ಮಂಡಿಗಿಂತ ಎತ್ತರ ಬೇಡ. ಪೆಟ್ಟು ಇಳಿಯುವಾಗ ಮಂಡಿ ಬಗ್ಗಿಸಿ, ತಪ್ಪಿದರೂ ಕೊಡಲಿ ಕೊರಡಿಗೆ ಬೀಳುತ್ತದೆ, ಕಾಲಿಗಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ನಾನು ಕೊಡಲಿ ಎತ್ತುವುದೇ ಇಲ್ಲ. ಒಮ್ಮೆ ಒಂದು ಚಕ್ಕೆ ಹುಬ್ಬಿನ ಮೇಲೆ ಬಡಿದು ನೆತ್ತರು ಸುರಿದಿತ್ತು. ಕೊರಡಿನ ಮೇಲೆ ಹಳೇ ಟೈರು ಇಟ್ಟು ಅದರೊಳಗೆ ದಿಮ್ಮಿ ನಿಲ್ಲಿಸಿದರೆ ಸೀಳುಗಳು ಹಾರುವುದಿಲ್ಲ, ಬಗ್ಗಿ ಬಗ್ಗಿ ಆರಿಸುವ ಕೆಲಸವೂ ತಪ್ಪುತ್ತದೆ. ಬೆನ್ನು ನೋವಿನ ಅರ್ಧ ಅಲ್ಲೇ ಹೋಯಿತು. ಕೊಡಲಿ ಮರಕ್ಕೆ ತಾಗುವ ಹೊತ್ತಿಗೆ ಮಣಿಕಟ್ಟನ್ನು ಒಂಚೂರು ತಿರುಗಿಸುವ ವರಸೆಯೊಂದಿದೆ. ಅದನ್ನು ಬರೆದು ಹೇಳುವುದಿಲ್ಲ. ತಪ್ಪಾಗಿ ಮಾಡಿದರೆ ಅಪಾಯ, ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಅಳತೆ ನನ್ನ ಒಲೆಯ ಬಾಯಿಗೆ ತಕ್ಕ ಹಾಗೆ: ಉದ್ದ ಒಂದು ಅಡಿ, ದಪ್ಪ ಮಣಿಕಟ್ಟಿನಷ್ಟು. ಗಿಡ್ಡ ತುಂಡು ಬೇಗ ಒಣಗುತ್ತದೆ. ಒಟ್ಟುವಾಗ ಕೆಳಗೆ ಎರಡು ಗಳ, ಗಾಳಿಗೆ ಅಡ್ಡವಾಗಿ ಒಂದೇ ಸಾಲು, ಗೋಡೆಯಿಂದ ಒಂದು ಗೇಣು ದೂರ. ಮೇಲೆ ಮಾತ್ರ ತಗಡು, ಪಕ್ಕಗಳು ತೆರೆದೇ ಇರಬೇಕು. ಮಳೆಗೆ ಪಕ್ಕ ನೆನೆದರೂ ಹೆದರಬೇಡಿ, ಎರಡು ಗಾಳಿಗೆ ಆರುತ್ತದೆ. ಬೆವರುವುದು ಹೊದಿಸಿದ ರಾಶಿಯೇ.

ತೇವ ನೋಡುವ ಮೀಟರನ್ನೂ ಕೊಂಡೆ. ಹೊರಮೈಗೆ ಚುಚ್ಚಿದರೆ ತೇವ ಶೇಕಡಾ 14 ತೋರಿಸಿತು, ಖುಷಿಯಾಯಿತು. ಅದೇ ತುಂಡು ಸೀಳಿ ಒಳಗೆ ಚುಚ್ಚಿದರೆ 28! ಹೊಸದಾಗಿ ಸೀಳಿದ ಮುಖಕ್ಕೇ ಚುಚ್ಚಬೇಕು, 20ಕ್ಕಿಂತ ಕಡಿಮೆ ಬಂದರೆ ಒಲೆಗೆ ಸರಿ. ಈಗ ಮೀಟರು ಬೇಕಾಗಿಲ್ಲ. ಎರಡು ಸೀಳು ಒಂದಕ್ಕೊಂದು ಬಡಿದಾಗ ಠಣ್ ಅಂದರೆ ಒಣಗಿದೆ, ಡಬ್ ಅಂದರೆ ಇಲ್ಲ. ಇನ್ನೊಂದು ಪ್ರಯೋಗ: ಒಂದು ತುದಿಗೆ ಸೋಪಿನ ನೀರು ಸವರಿ ಇನ್ನೊಂದು ತುದಿಯಿಂದ ಊದುವುದು, ಒಣಗಿದ್ದರೆ ಗುಳ್ಳೆ ಬರುತ್ತದೆ ಅನ್ನುತ್ತಾರೆ. ದೊಡ್ಡ ರಂಧ್ರದ ಮರದಲ್ಲಿ ಬಂತು, ಎಳೆ ಒತ್ತಾಗಿರುವ ಮರದಲ್ಲಿ ಎಷ್ಟು ಊದಿದರೂ ಬರಲಿಲ್ಲ. ನಂಬುವಂಥದ್ದಲ್ಲ.

ಪಾರದರ್ಶಕ ಪ್ಲಾಸ್ಟಿಕ್ಕಿನ ಗುಡಾರ ಕಟ್ಟಿ ಬಿಸಿಲಲ್ಲಿ ಒಣಗಿಸಿದ್ದು ಮಾತ್ರ ಗೆದ್ದಿತು. ಎರಡೂ ತುದಿ ತೆರೆದಿಟ್ಟರೆ ಒಂದು ತಿಂಗಳಾದರೂ ಮೊದಲೇ ಒಣಗುತ್ತದೆ. ಮುಚ್ಚಿಟ್ಟಾಗ ಒಳಗೆಲ್ಲ ಹನಿ ಕಟ್ಟಿ ಬೂಷ್ಟು ಬಂದಿತ್ತು. ಒಲೆ ಮೇಲೆಯೇ ಸೌದೆ ಒಣಗಿಸುವ ಚಾಳಿ ನನಗೂ ಇತ್ತು. ಒಂದು ರಾತ್ರಿ ಸುಟ್ಟ ವಾಸನೆಗೆ ಎದ್ದು ನೋಡಿದರೆ ಒಂದು ತುಂಡಿನ ಅಂಚು ಕರಿಯಾಗಿ ಹೊಗೆಯಾಡುತ್ತಿತ್ತು. ಅಂದೇ ನಿಲ್ಲಿಸಿದೆ.

ಮರ ಎಲ್ಲಿ ಸಿಗುತ್ತದೆ ಎಂದು ಸುಮಾರು ಜನ ಕೇಳಿದ್ದಾರೆ. ಮರಗೆಲಸದವರ ಹತ್ತಿರ, ಮರ ಸವರುವವರ ಹತ್ತಿರ ಕೇಳಿ, ಬಾಯಿಬಿಟ್ಟು ಕೇಳಿದರೆ ಬಹಳಷ್ಟು ಜನ ಕೊಡುತ್ತಾರೆ. ಕೇಳದೆ ಮಾತ್ರ ಒಂದು ಕಡ್ಡಿಯನ್ನೂ ಎತ್ತಬೇಡಿ. ನನ್ನ ಮೂರು ಜಾಗಗಳನ್ನು ಹೇಳುವುದಿಲ್ಲ, ಅವು ನಾನು ಎರಡು ವರ್ಷ ಓಡಾಡಿ ಗಳಿಸಿದ್ದು. ಬಣ್ಣ ಬಳಿದ ಹಲಗೆ, ಗೆದ್ದಲಿಗೆ ಔಷಧಿ ಹೊಡೆದ ಮರ ಪುಕ್ಕಟೆ ಕೊಟ್ಟರೂ ಬೇಡ, ಅದರ ಹೊಗೆ ವಿಷ.

ಲೆಕ್ಕ ಹೇಳಬೇಕೆಂದರೆ, ಮೊದಲು ವರ್ಷಕ್ಕೆ ಮೂರು ಗಾಡಿ ಸೌದೆ ಕೊಳ್ಳುತ್ತಿದ್ದೆ. ಈಗ ಕೊಳ್ಳುವುದು ಸೊನ್ನೆ, ಉರಿಸುವುದೂ ಎರಡು ಗಾಡಿಯಷ್ಟೇ. ಒಣ ಸೌದೆ ಕಡಿಮೆಗೆ ಹೆಚ್ಚು ಕಾವು ಕೊಡುತ್ತದೆ. ಕೊಡಲಿ, ಬೆಣೆ, ತಗಡು, ಬೇಡದೆ ಕೊಂಡ ಮೀಟರು ಎಲ್ಲ ಸೇರಿದ ಖರ್ಚು ಎರಡನೇ ವರ್ಷದ ನಡುವಿಗೆ ವಾಪಸ್ ಬಂತು. ಮುಂದಿನ ವರ್ಷದ್ದು ಈಗಲೇ ಒಟ್ಟಿ ಆಗಿದೆ, ಎದೆಮಟ್ಟ ಎತ್ತರ, ಹನ್ನೆರಡು ಅಡಿ ಉದ್ದ.

ಕವಲಿನ ತುಂಡುಗಳು ಮಾತ್ರ ಇನ್ನೂ ನನಗೆ ಬಗ್ಗಿಲ್ಲ. ಎರಡು ಕೊಂಬೆಯ ಎಳೆ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ ಬೆಣೆಯೂ ಹಿಮ್ಮೆಟ್ಟುತ್ತದೆ. ಏಳೆಂಟು ತುಂಡು ಗೋಡೆ ಪಕ್ಕ ಇಟ್ಟಿದ್ದೇನೆ. ಕವಲಿನ ನಡುವೆ ಗರಗಸದಲ್ಲಿ ನಾಲ್ಕು ಬೆರಳು ಆಳ ಕೊಯ್ದು, ಅಲ್ಲಿಗೆ ಎರಡು ಬೆಣೆ ಒಟ್ಟಿಗೆ ಹೊಡೆದು ನೋಡಬೇಕು ಅಂತಿದ್ದೇನೆ.