ಮೂರನೆಯ ಸಿಲಿಂಡರಿನ ಪ್ಲಗ್

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಬೇಕಿತ್ತು. ಮೂರು ಅರ್ಧ ಗಂಟೆಯೊಳಗೆ ಹೊರಬಂದವು. ಮೂರನೆಯ ಸಿಲಿಂಡರಿನದು ಮಾತ್ರ ಎರಡು ದಿನ ಹಿಡಿಯಿತು. ಆ ಎರಡು ದಿನ ಏನು ಮಾಡಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಬರೆಯುತ್ತಿದ್ದೇನೆ.

ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿದ್ದ ಎಂಜಿನ್ನಿನಲ್ಲೇ ಕೆಲಸ ಶುರು ಮಾಡಿದೆ. ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ತೆಗೆದು, ಪ್ಲಗ್ ಕೂತಿರುವ ಆಳವಾದ ಗುಳಿಗಳಿಗೆ ಗಾಳಿ ಹಾಯಿಸಿ ಮರಳು, ಧೂಳನ್ನೆಲ್ಲ ಹಾರಿಸಿದೆ. ಅಲ್ಲಿ ಉಳಿದ ಕಸ ಪ್ಲಗ್ ಬಿಚ್ಚಿದೊಡನೆ ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಮೂರನೆಯ ಗುಳಿಯ ತಳದಲ್ಲಿ ಕಂದು ತುಕ್ಕಿನ ಕಲೆ ಕಾಣಿಸಿತು. ಯಾವಾಗಲೋ ನೀರು ಇಳಿದಿತ್ತು ಎಂಬುದಕ್ಕೆ ಅದೇ ಗುರುತು. ಅದನ್ನು ನೋಡಿದಾಗಲೇ ಎಣ್ಣೆ ಬಿಟ್ಟು ಕಾಯಬೇಕಿತ್ತು. ಉಳಿದ ಮೂರು ಸಲೀಸಾಗಿ ಬಂದದ್ದರಿಂದ ನಾನು ಕಾಯಲಿಲ್ಲ.

ಸಾಕೆಟ್ ಕೂರಿಸಿ ಬಲ ಹಾಕಿದೆ. ಪ್ಲಗ್ 'ಕಟ್' ಎಂದು ಬಿಟ್ಟುಕೊಂಡಿತು, ಸುಮಾರು ಕಾಲು ಸುತ್ತು ತಿರುಗಿತು, ಆಮೇಲೆ ಕೀರಲು ಸದ್ದು ಮಾಡುತ್ತ ಬಿಗಿಯತೊಡಗಿತು. ಪ್ಲಗ್ ಬಿಚ್ಚುವಾಗ ಗಮನಿಸಲೇಬೇಕಾದ ಕ್ಷಣ ಇದು. ಸರಿಯಾಗಿ ಬಿಚ್ಚಿಕೊಳ್ಳುವ ಪ್ಲಗ್ ಸುತ್ತಿನಿಂದ ಸುತ್ತಿಗೆ ಸಡಿಲವಾಗಬೇಕು. ಬಿಗಿಯಾಗುತ್ತಿದ್ದರೆ ಥ್ರೆಡ್‌ಗಳ, ಅಂದರೆ ಸ್ಕ್ರೂವಿನಂಥ ಸುರುಳಿ ಗೆರೆಗಳ, ನಡುವೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಪ್ಲಗ್ಗಿನ ಮೈ ಉಕ್ಕು, ಅದು ಕೂರುವ ಸಿಲಿಂಡರ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಅಲ್ಯುಮಿನಿಯಂ. ಇವೆರಡರ ಜಗಳದಲ್ಲಿ ಕಿತ್ತುಬರುವುದು ಯಾವಾಗಲೂ ಮೆತ್ತಗಿನ ಅಲ್ಯುಮಿನಿಯಂ. ಪ್ಲಗ್ ಹಾಳಾದರೆ ಬೇರೆ ಪ್ಲಗ್ ಸಿಗುತ್ತದೆ, ಹೆಡ್ಡಿನ ಥ್ರೆಡ್ ಹೋದರೆ ಅದು ದೊಡ್ಡ ಕೆಲಸ.

ಇಲ್ಲಿ ನಿಲ್ಲಿಸಿದೆ, ಆದರೆ ಅರೆಕ್ಷಣ ತಡವಾಗಿ. ಸಾಕೆಟ್ಟಿಗೆ ಜೋಡಿಸಿದ್ದ ಉದ್ದನೆಯ ಎಕ್ಸ್‌ಟೆನ್ಷನ್ ಸರಳು ಒಂದು ಬದಿಗೆ ವಾಲಿ, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲ್ಭಾಗದಲ್ಲಿ ಮುರಿಯಿತು. ಎದೆ ಧಸಕ್ಕೆಂದಿತು. ಆದರೆ ಶಾಂತವಾಗಿ ನೋಡಿದಾಗ ಆರು ಮೂಲೆಯ ಉಕ್ಕಿನ ತಲೆ ಹಾಗೆಯೇ ಇತ್ತು. ತಿರುಗಿಸುವುದು ಆ ತಲೆಯನ್ನು, ಪಿಂಗಾಣಿಯನ್ನಲ್ಲ. ಪ್ಲಗ್ ಇನ್ನೂ ರಂಧ್ರವನ್ನು ಮುಚ್ಚಿಕೊಂಡೇ ಇದ್ದುದರಿಂದ ಚೂರುಗಳು ಒಳಗೆ ಬೀಳುವಂತೆಯೂ ಇರಲಿಲ್ಲ. ವ್ಯಾಕ್ಯೂಮ್ ಕ್ಲೀನರಿಗೆ ಸಪೂರವಾದ ಕೊಳವೆ ಸಿಕ್ಕಿಸಿ ಒಂದೊಂದು ಚೂರನ್ನೂ ಎಳೆದೆ.

ಆಮೇಲೆ ಪ್ಲಗ್ಗನ್ನು ಬಿಚ್ಚುವ ಬದಲು ಬಿಗಿದೆ, ಮೊದಲಿದ್ದ ಜಾಗದ ಹತ್ತಿರಕ್ಕೆ. ತುಕ್ಕು ಬಿಡಿಸುವ ಎಣ್ಣೆಯನ್ನು ಗುಳಿಯೊಳಕ್ಕೆ ಸ್ವಲ್ಪ ಸಿಂಪಡಿಸಿ, ಮತ್ತೆ ಕಾಲು ಸುತ್ತು ಸಡಿಲಿಸಿ, ರಾತ್ರಿಯಿಡೀ ಬಿಟ್ಟೆ. ಸೀಟಿನ ಮೇಲೆ ಬಿಗಿದು ಕೂತ ಪ್ಲಗ್ಗಿನ ಥ್ರೆಡ್ಡಿಗೆ ಎಣ್ಣೆ ಇಳಿಯುವುದಿಲ್ಲ, ವಾಷರ್ ಅದನ್ನು ತಡೆಯುತ್ತದೆ. ಕಾಲು ಸುತ್ತು ಸಡಿಲವಾಗಿದ್ದರೆ ದಾರಿ ತೆರೆದಿರುತ್ತದೆ.

ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಸುಲಭ ಎಂದು ಹೇಳುವವರಿದ್ದಾರೆ. ಅದರಲ್ಲಿ ಹುರುಳಿದೆ: ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ತುಸು ಸಡಿಲುತ್ತದೆ. ಆದರೆ ಚೆನ್ನಾಗಿ ಕಾದ ಹೆಡ್ಡಿನಲ್ಲಿ ಥ್ರೆಡ್ ಕಿತ್ತುಬರುವ ಭಯ ಹೆಚ್ಚು. ಅದೂ ಅಲ್ಲದೆ ಮುರಿದ ಪ್ಲಗ್ ಇಟ್ಟುಕೊಂಡು ಎಂಜಿನ್ ಓಡಿಸುವ ಪ್ರಶ್ನೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೆರಡು ಮೂಲೆಯ ಸಾಕೆಟ್ಟನ್ನು ಬದಿಗಿಟ್ಟು, ಆರು ಮೂಲೆಯ 16 ಮಿಲಿಮೀಟರ್ ಸಾಕೆಟ್ ತೆಗೆದುಕೊಂಡೆ. ಅದು ತಲೆಯ ಮೂಲೆಗಳನ್ನು ಸವೆಸುವುದಿಲ್ಲ. ಒಂದು ಕೈಯಿಂದ ಎಕ್ಸ್‌ಟೆನ್ಷನ್ ನೇರವಾಗಿರುವಂತೆ ಒತ್ತಿ ಹಿಡಿದು, ಇನ್ನೊಂದರಿಂದ ಎಂಟನೇ ಒಂದು ಸುತ್ತು ಬಿಚ್ಚುವುದು, ಅಷ್ಟೇ ಬಿಗಿಯುವುದು. ಮತ್ತೆ ತುಸು ಹೆಚ್ಚು ಬಿಚ್ಚುವುದು, ಮತ್ತೆ ಬಿಗಿಯುವುದು. ಕೀರಲು ಶುರುವಾದಾಗಲೆಲ್ಲ ಹಿಂದಕ್ಕೆ ಹೋಗಿ ಎರಡು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆ. ಹೀಗೆ ಸುಮಾರು ಒಂದೂವರೆ ಗಂಟೆ. ಪ್ಲಗ್ ಪೂರ್ತಿ ಮೇಲೆ ಬಂದಾಗ ಕಾರಣವೂ ಕಾಣಿಸಿತು: ತುದಿಯ ಮೂರು ನಾಲ್ಕು ಥ್ರೆಡ್‌ಗಳಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಆ ಮಸಿ ಇಡೀ ರಂಧ್ರದ ಮೂಲಕ ಹಾದು ಹೊರಬರಬೇಕು. ಹಿಂದೆ ಮುಂದೆ ತಿರುಗಿಸಿದಾಗ ಅದು ಪುಡಿಯಾಗುತ್ತದೆ. ಒಂದೇ ದಿಕ್ಕಿನಲ್ಲಿ ಎಳೆದರೆ ಆಪಿನಂತೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಪಿಂಗಾಣಿ, ಎಲೆಕ್ಟ್ರೋಡ್ ಎರಡೂ ಇಡಿಯಾಗಿವೆಯೇ ಎಂದು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದೆ. ಇದ್ದವು.

ಹೊಸ ಪ್ಲಗ್ ಹಾಕುವ ಮೊದಲು ಹೆಡ್ಡಿನ ಥ್ರೆಡ್ ಶುಚಿ ಮಾಡಬೇಕಿತ್ತು. ಹೊಸದಾಗಿ ಕೊರೆಯುವ ಹರಿತವಾದ ಟ್ಯಾಪ್ ಬೇಡ, ಇದ್ದ ಥ್ರೆಡ್ಡನ್ನು ಒರೆಸುವ ಚೇಸರ್ ಸಾಕು. ಅದರ ಕಾಲುವೆಗಳಿಗೆ ದಪ್ಪವಾಗಿ ಗ್ರೀಸ್ ಮೆತ್ತಿದೆ, ಪಿಸ್ಟನ್ ಕೆಳಗಿರುವಂತೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿಟ್ಟೆ. ಎರಡು ಸುತ್ತು ಇಳಿಸಿ, ಹೊರತೆಗೆದು, ಮಸಿ ಅಂಟಿದ ಗ್ರೀಸ್ ಒರೆಸಿ, ಹೊಸದು ಮೆತ್ತಿ, ಮತ್ತೆ ಇಳಿಸಿದೆ. ಕೊನೆಗೆ ವ್ಯಾಕ್ಯೂಮಿನ ಕೊಳವೆಯಿಂದ ಸಿಲಿಂಡರಿನ ಒಳಗಿನ ಕಸವನ್ನು ಎಳೆದು, ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯನ್ನು ನೋಡಿದೆ. ಥ್ರೆಡ್ ಕಿತ್ತುಹೋಗಿದ್ದರೆ ಲೋಹದ ಇನ್ಸರ್ಟ್ ಕೂರಿಸಬೇಕಾಗುತ್ತಿತ್ತು. ಅದರ ಅಗತ್ಯ ಬೀಳಲಿಲ್ಲ.

ಹೊಸ ಪ್ಲಗ್ಗನ್ನು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ ಬೆರಳಿನಿಂದಲೇ ಇಳಿಸಿದೆ. ಥ್ರೆಡ್ ಅಡ್ಡ ಹಿಡಿದರೆ ರಬ್ಬರ್ ಜಾರುತ್ತದೆ, ಬಲ ಬೀಳುವುದಿಲ್ಲ. ಆಮೇಲೆ ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ, ಈ ಎಂಜಿನ್ನಿನ ಕೈಪಿಡಿ ಹೇಳುವ 25 ನ್ಯೂಟನ್ ಮೀಟರಿಗೆ ಬಿಗಿದೆ. ಥ್ರೆಡ್ ಹಿಡಿದುಕೊಳ್ಳದಂತೆ ಬಳಿಯುವ ಆ್ಯಂಟಿ-ಸೀಜ್ ಪೇಸ್ಟ್ ಬಳಿಯಲಿಲ್ಲ. ಈ ಪ್ಲಗ್ಗಿನ ಮೈಗೆ ತುಕ್ಕು ತಡೆಯುವ ಲೇಪನ ಮೊದಲೇ ಇದೆ, ಮೇಲೆ ಜಾರುವ ಪದಾರ್ಥ ಬಳಿದರೆ ಅದೇ ಟಾರ್ಕಿಗೆ ಪ್ಲಗ್ ಬೇಕಾದುದಕ್ಕಿಂತ ಹೆಚ್ಚು ಬಿಗಿಯುತ್ತದೆ. ನೀರು ಇಳಿದಿದ್ದ ಮೂರನೆಯ ಕಾಯಿಲ್‌ನ ರಬ್ಬರ್ ಸೀಲನ್ನೂ ಬದಲಿಸಿದೆ.

ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು, ನಡುಕವಿಲ್ಲದೆ. ಸುಮಾರು 1,000 ಕಿಲೋಮೀಟರ್ ಓಡಿದ ಮೇಲೆ, ತಣ್ಣಗಿನ ಎಂಜಿನ್ನಿನಲ್ಲಿ ಅದೇ ಮೂರನೆಯ ಪ್ಲಗ್ಗನ್ನು ಇನ್ನೊಮ್ಮೆ ಬಿಚ್ಚಿ ನೋಡಿದೆ. ರೆಂಚಿನಿಂದ ಸಡಿಲಿಸಿದ ಮೇಲೆ ಉಳಿದ ಸುತ್ತುಗಳೆಲ್ಲ ಬೆರಳಿಗೇ ಬಂದವು. ಗುಳಿಯ ತಳ ಒಣಗಿತ್ತು.