ಕಿಟ್ ಇಲ್ದೆ ಪ್ಲಾಸ್ಮಿಡ್ ತೆಗೆಯುವುದು ಹೇಗೆ

ಪ್ಲಾಸ್ಮಿಡ್ ಅಂದ್ರೆ ಬ್ಯಾಕ್ಟೀರಿಯಾದೊಳಗಿನ ಚಿಕ್ಕ ಉಂಗುರದ ಹಾಗಿನ ಡಿಎನ್‌ಎ. ಅದನ್ನು ತೆಗೆಯುವ ರೆಡಿಮೇಡ್ ಕಿಟ್ ಮುಗ್ದ್ರೆ ತಲೆಬಿಸಿ ಬೇಡ ಮಾರಾಯ್ರೆ, 1979ರಲ್ಲಿ ಬಂದ ಆಲ್ಕಲೈನ್ ಲೈಸಿಸ್ (ಕ್ಷಾರ ಹಾಕಿ ಕೋಶ ಒಡೆಯುವ ವಿಧಾನ) ಇವತ್ತಿಗೂ ಸಾಕು. ರಾತ್ರಿಯಿಡೀ ಬೆಳ್ಸಿದ ಇ. ಕೋಲೈ ಬ್ಯಾಕ್ಟೀರಿಯಾ 1.5 ಎಂಎಲ್ ಸೆಂಟ್ರಿಫ್ಯೂಜ್‌ನಲ್ಲಿ ಸ್ಪಿನ್ ಮಾಡಿ, ಮೇಲಿನ ಮೀಡಿಯಾ ಪೂರ್ತಿ ತೆಗ್ದು, ಅಡಿಯಲ್ಲಿ ಕೂತ ಪೆಲೆಟನ್ನು ಮೊದಲ ಸೊಲ್ಯೂಷನ್, ಅಂದ್ರೆ 100 ಮೈಕ್ರೋಲೀಟರ್ ಗ್ಲೂಕೋಸ್-ಟ್ರಿಸ್-ಇಡಿಟಿಎಯಲ್ಲಿ ಗಂಟಿಲ್ಲದ ಹಾಗೆ ಕಲಸಿ.

ಎರಡನೇ ಸೊಲ್ಯೂಷನ್, 0.2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತೆ 1% ಎಸ್‌ಡಿಎಸ್ (ಒಂದು ಡಿಟರ್ಜೆಂಟ್), ಅವತ್ತೇ ರೆಡಿ ಮಾಡ್ಬೇಕು. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಹೈಡ್ರಾಕ್ಸೈಡ್ ಡಬ್ಬಿ ತೆರೆದಿಟ್ರೆ ಗುಳಿಗೆಗಳು ನೀರು ಹೀರಿ ಅಂಟಂಟಾಗ್ತವೆ, ತೂಕದ ಲೆಕ್ಕವೇ ತಪ್ತದೆ, ಹಾಗಾಗಿ ಗ್ಲೌಸ್ ಹಾಕಿ ಬೇಗ ಬೇಗ ತೂಗಿ ಮುಚ್ಚಿಡಿ. ಎಸಿ ರೂಮಿನಲ್ಲಿ ಎಸ್‌ಡಿಎಸ್ ಬೆಳ್ಳಗೆ ಗಟ್ಟಿಯಾದ್ರೆ ಸ್ವಲ್ಪ ಬಿಸಿ ಮಾಡಿದ್ರೆ ಆಯ್ತು. ಈ ಎರಡನೇ ಸೊಲ್ಯೂಷನ್ 200 ಮೈಕ್ರೋಲೀಟರ್ ಹಾಕಿ ಟ್ಯೂಬ್ ನಿಧಾನ ಮಗುಚಿ, ತಿಳಿಯಾಗಿ ಲೋಳೆ ಲೋಳೆ ಆಗ್ತದೆ. ವೋರ್ಟೆಕ್ಸ್ (ಮಿಷನಿನಲ್ಲಿ ಜೋರಾಗಿ ಅಲುಗಾಡಿಸುವುದು) ಮಾಡ್ಲೇಬೇಡಿ, ಕ್ರೋಮೋಸೋಮ್ ಡಿಎನ್‌ಎ ತುಂಡಾಗಿ ಪ್ಲಾಸ್ಮಿಡ್ ಜೊತೆ ಸೇರ್ತದೆ. 5 ನಿಮಿಷಕ್ಕಿಂತ ಜಾಸ್ತಿ ಬಿಡ್ಲಿಕ್ಕೂ ಇಲ್ಲ ಆಯ್ತಾ.

ಕೂಡ್ಲೇ ತಣ್ಣಗಿನ ಪೊಟ್ಯಾಸಿಯಂ ಅಸಿಟೇಟ್ 150 ಮೈಕ್ರೋಲೀಟರ್ ಹಾಕಿ. ಒಡೆದ ಹಾಲಿನ ಹಾಗೆ ಬಿಳಿ ಗಂಟು ಬರ್ತದೆ, ಬರ್ಲೇಬೇಕು. ಸ್ಪಿನ್ ಮಾಡಿ ಮೇಲಿನ ತಿಳಿ ಮಾತ್ರ ಬೇರೆ ಟ್ಯೂಬಿಗೆ, ಅದರ 0.7 ಪಾಲು ಐಸೊಪ್ರೊಪನಾಲ್, ಪುನಃ ಸ್ಪಿನ್, 70% ಎಥನಾಲ್ ವಾಶ್. ವಾಸನೆ ಹೋಗುವಷ್ಟು ಒಣಗ್ಸಿ ಟಿಇಯಲ್ಲಿ (ಟ್ರಿಸ್-ಇಡಿಟಿಎ ಬಫರ್) ಕರಗ್ಸಿ, ಚೂರು ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಹಾಕಿ. ಜೆಲ್‌ನಲ್ಲಿ ಓಡ್ಸಿ ನೋಡುವಾಗ ಕೆಳಗಡೆ ಮಬ್ಬು ಕಂಡ್ರೆ ಆರ್‌ಎನ್‌ಎ ಇನ್ನೂ ಉಂಟು ಅಂತ, 37 ಡಿಗ್ರಿಯಲ್ಲಿ ಇನ್ನು ಸ್ವಲ್ಪ ಹೊತ್ತು ಇಡಿ.