ಬಂಬಲ್‌ಬೀ ಗೂಡು ಮತ್ತು ಅದರ ಆಹಾರ: ಒಂದು ಋತುವಿನ ಕ್ಷೇತ್ರ ಅಧ್ಯಯನ ನಡೆಸುವುದು ಹೇಗೆ?

ಗುಂಪಾಗಿ ಗೂಡಿನಲ್ಲಿ ಬಾಳುವ, ರೋಮ ತುಂಬಿದ ದಪ್ಪ ಜೇನು ಬಂಬಲ್‌ಬೀ. ಹೂವಿನ ಮೇಲೆ ಕುಳಿತ ಬಂಬಲ್‌ಬೀಗಳನ್ನು ಎಣಿಸುವುದು ಕಷ್ಟವಲ್ಲ, ಆದರೆ ಆ ಎಣಿಕೆ ಹೇಳುವುದು ಕಡಿಮೆ. ಒಂದು ಪೊದೆಯಲ್ಲಿ ಕಂಡ ಇಪ್ಪತ್ತು ಹುಳುಗಳು ಇಪ್ಪತ್ತು ಗೂಡುಗಳಿಂದ ಬಂದಿರಬಹುದು, ಎರಡೇ ಗೂಡುಗಳಿಂದಲೂ ಬಂದಿರಬಹುದು. ಸಂತತಿ ಮುಂದುವರಿಯುವುದು ಗೂಡಿನ ಮೂಲಕವೇ ಆದ್ದರಿಂದ ಅಧ್ಯಯನದ ಲೆಕ್ಕವೂ ಗೂಡಿನದೇ ಆಗಿರಬೇಕು. (ಬಂಬಲ್‌ಬೀಯನ್ನು ದುಂಬಿ ಎನ್ನುವುದುಂಟು, ಆದರೆ ಕನ್ನಡದಲ್ಲಿ ದುಂಬಿ ಎಂದರೆ ಮರ ಕೊರೆಯುವ ಜೇನೂ ಆಗುತ್ತದೆ. ಹೊಟ್ಟೆಯ ಮೇಲ್ಭಾಗ ನುಣುಪಾಗಿ ಹೊಳೆದರೆ ಅದು ಮರ ಕೊರೆಯುವ ಜೇನು. ಮೈಯೆಲ್ಲ ದಟ್ಟ ರೋಮವಿದ್ದರೆ ಬಂಬಲ್‌ಬೀ.)

ತಂಪು ಪ್ರದೇಶಗಳಲ್ಲಿ ಬಂಬಲ್‌ಬೀ ಗೂಡಿನ ಆಯುಷ್ಯ ಒಂದೇ ಋತು. ಚಳಿಗಾಲವನ್ನು ಮಣ್ಣಿನೊಳಗೆ ಒಂಟಿಯಾಗಿ ಕಳೆದ ರಾಣಿ ವಸಂತದಲ್ಲಿ ಹೊರಬಂದು, ಹಳೆಯ ಇಲಿಬಿಲದಂಥ ಜಾಗ ಹುಡುಕಿ, ಮೊದಲ ಕೆಲಸಗಾರ ಹುಳುಗಳು ಹೊರಬರುವವರೆಗೆ ಮೇವು ತರುವುದು, ಮರಿಗಳಿಗೆ ಶಾಖ ಕೊಡುವುದು ಎರಡನ್ನೂ ತಾನೊಬ್ಬಳೇ ಮಾಡುತ್ತಾಳೆ. ಆದ್ದರಿಂದ ಕ್ಷೇತ್ರಕಾರ್ಯ ಆರಂಭವಾಗಬೇಕಾದದ್ದು ಮೊದಲ ಹೂಗಳ ಹೊತ್ತಿಗೆ. ಹುಳುಗಳು ತುಂಬಿಕೊಂಡ ಬೇಸಿಗೆಯಲ್ಲಿ ಆರಂಭಿಸಿದರೆ, ಹಸಿವಿನಿಂದ ನೆಲೆಯೂರದೇ ಹೋದ ಗೂಡುಗಳು ಲೆಕ್ಕಕ್ಕೇ ಸಿಗುವುದಿಲ್ಲ. ನೆಲಕ್ಕೆ ತಾಗುವಂತೆ ಅಂಕುಡೊಂಕಾಗಿ ಹಾರುತ್ತ, ಹುಲ್ಲಿನ ಬುಡದ ಒಂದೊಂದೇ ತೂತನ್ನು ಇಣುಕಿ ನೋಡುವ ರಾಣಿ ಇನ್ನೂ ಮನೆ ಹುಡುಕುತ್ತಿದ್ದಾಳೆ. ಹಿಂಗಾಲುಗಳಲ್ಲಿ ಪರಾಗದ ಉಂಡೆ ಹೊತ್ತವಳಿಗೆ ಗೂಡು ಸಿಕ್ಕಿದೆ. ಟಿಪ್ಪಣಿಯಲ್ಲಿ ಇವೆರಡನ್ನೂ ಬೇರೆ ಬೇರೆ ಬರೆಯಬೇಕು.

ಮುಂದಿನ ಕೆಲಸ ನಡಿಗೆಯ ದಾರಿಗಳನ್ನು ಗುರುತಿಸುವುದು. ಒಂದೇ ಉದ್ದದ, ಒಂದೇ ಅಗಲದ ಪಟ್ಟಿಗಳಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಮಳೆ ಮತ್ತು ಬಿರುಗಾಳಿ ಇಲ್ಲದ ದಿನ, ಒಂದೇ ವೇಗದಲ್ಲಿ ನಡೆಯಬೇಕು. ಹುಳು ಯಾವ ಜಾತಿಯದು, ಯಾವ ಹೂವಿನ ಮೇಲಿತ್ತು, ಪರಾಗ ಕೂಡಿಸುತ್ತಿತ್ತೋ ಮಕರಂದ ಹೀರುತ್ತಿತ್ತೋ ಎಂಬ ಮೂರನ್ನೂ ದಾಖಲಿಸಬೇಕು. ಅದೇ ದಿನ ಅದೇ ಪಟ್ಟಿಯ ಹೂಗಳನ್ನೂ ಎಣಿಸಬೇಕು. ಹುಳು ಬಾರದ ಹೂಗಳನ್ನು ಬಿಟ್ಟುಬಿಡುವ ಚಾಳಿ ಹೊಸಬರಲ್ಲಿ ಹೆಚ್ಚು. ಅವನ್ನೂ ಎಣಿಸಿದರೆ ಮಾತ್ರ ಹುಳುಗಳ ಆಯ್ಕೆ ಏನೆಂಬುದು ಗೊತ್ತಾಗುತ್ತದೆ.

ಹುಳು ಹಿಡಿಯುವುದಕ್ಕೆ ಸ್ಥಳೀಯ ಕಾನೂನು ಕೇಳುವ ಅನುಮತಿ ಮೊದಲೇ ಕೈಯಲ್ಲಿರಬೇಕು. ಬಲೆಯಿಂದ ಸಣ್ಣ ಸೀಸೆಗೆ ಇಳಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೆಲವು ನಿಮಿಷ ಇಟ್ಟರೆ ಅದು ಮಂಕಾಗುತ್ತದೆ. ಆಗ ಹಿಂಗಾಲಿನ ಹೊರಮೈಯಲ್ಲಿರುವ ಪರಾಗದ ಉಂಡೆಯನ್ನು ಚಿಮಟದಿಂದ ಮೆಲ್ಲನೆ ಬಿಡಿಸಬಹುದು. ಮಕರಂದ ಬೆರೆಸಿ ಒತ್ತಿದ ಈ ಉಂಡೆ ಹಸಿ ಹಿಟ್ಟಿನಂತೆ ಇಡಿಯಾಗಿಯೇ ಕಳಚಿ ಬರುತ್ತದೆ. ಸೂಕ್ಷ್ಮದರ್ಶಕದಡಿ ಅದರ ಕಣಗಳನ್ನು ಆ ಊರಿನ ಗಿಡಗಳ ಪರಾಗದೊಂದಿಗೆ ಹೋಲಿಸಿದರೆ, ನಮ್ಮ ನಡಿಗೆಯ ದಾರಿಯಲ್ಲಿಲ್ಲದ ಮರಗಳ ಗುರುತೂ ಸಿಗುತ್ತದೆ. ಮಧ್ಯದ ಕಾಲಿನ ತುದಿಯ ಚೂರೊಂದನ್ನು ಕತ್ತರಿಸಿ ಆಲ್ಕೋಹಾಲಿನಲ್ಲಿಟ್ಟರೆ ಡಿಎನ್‌ಎ ಪರೀಕ್ಷೆಗೆ ಸಾಕು. ಬಹುತೇಕ ಜಾತಿಗಳಲ್ಲಿ ರಾಣಿ ಒಂದೇ ಗಂಡಿನೊಂದಿಗೆ ಕೂಡುವುದರಿಂದ, ಒಂದು ಗೂಡಿನ ಕೆಲಸಗಾರ ಹುಳುಗಳು ಸರಾಸರಿ ನಾಲ್ಕರಲ್ಲಿ ಮೂರು ಪಾಲು ಜೀನ್‌ಗಳನ್ನು ಹಂಚಿಕೊಂಡಿರುತ್ತವೆ. ಅಕ್ಕತಂಗಿಯರ ಗುಂಪುಗಳನ್ನು ವಿಂಗಡಿಸಿದರೆ, ಕಣ್ಣಿಗೆ ಬೀಳದ ಗೂಡುಗಳ ಸಂಖ್ಯೆಯನ್ನು ಅಂದಾಜು ಮಾಡಬಹುದು. ಮೈ ಬಿಸಿಯೇರಿದೊಡನೆ ಹುಳು ಗುಂಯ್‌ಗುಟ್ಟಿ ಹಾರಿಹೋಗುತ್ತದೆ. ವಸಂತದ ರಾಣಿಯರ ಕಾಲಿಗೆ ಮಾತ್ರ ಕತ್ತರಿ ಹಾಕದಿರುವುದೇ ಲೇಸು, ಆಕೆಯೊಬ್ಬಳು ಸತ್ತರೆ ಇಡೀ ಗೂಡೇ ಹೋದಂತೆ.

ಮಕರಂದ ಅಳೆಯಲು ಹೂವಿಗೆ ತೆಳು ಪರದೆಯ ಚೀಲ ಕಟ್ಟಿ, 24 ಗಂಟೆಗಳ ನಂತರ ಕೂದಲೆಳೆಯಂಥ ಗಾಜಿನ ನಳಿಕೆಯಿಂದ ಹೀರಿ, ರಿಫ್ರ್ಯಾಕ್ಟೋಮೀಟರಿನಲ್ಲಿ ಸಕ್ಕರೆಯ ಪ್ರಮಾಣ ನೋಡಬೇಕು. ಇಲ್ಲೊಂದು ಎಡವಟ್ಟು ಆಗಾಗ ಆಗುತ್ತದೆ: ಉಪಕರಣ ತೋರಿಸುವುದು ತೂಕದ ಶೇಕಡಾವಾರು ಆದ್ದರಿಂದ, 40 ಎಂದು ತೋರಿಸಿದರೆ 1 ಮೈಕ್ರೋಲೀಟರಿನಲ್ಲಿರುವ ಸಕ್ಕರೆ 0.40 ಮಿಲಿಗ್ರಾಂ ಅಲ್ಲ, ದ್ರವದ ಸಾಂದ್ರತೆ ಸೇರಿ ಸುಮಾರು 0.47 ಮಿಲಿಗ್ರಾಂ.

ಗೂಡಿನ ಬೆಳವಣಿಗೆಯನ್ನು ನೇರವಾಗಿ ನೋಡಬೇಕೆಂದರೆ ಸಾಕಿದ ಗೂಡಿನ ಪೆಟ್ಟಿಗೆಗಳನ್ನು ಬೇರೆ ಬೇರೆ ಜಾಗಗಳಲ್ಲಿಟ್ಟು, ಕತ್ತಲಾಗಿ ಎಲ್ಲ ಹುಳುಗಳೂ ಒಳಸೇರಿದ ಮೇಲೆ ವಾರಕ್ಕೊಮ್ಮೆ ತೂಗಬೇಕು. ಆದರೆ ಆ ಪ್ರದೇಶದ್ದೇ ಆದ, ರೋಗವಿಲ್ಲದ ಜಾತಿಯನ್ನು ಮಾತ್ರ ಇಡಬೇಕು, ಬಾಗಿಲಿಗೆ ರಾಣಿ ತೂರದಷ್ಟು ಕಿರಿದಾದ ಕಂಡಿ ಇರಬೇಕು. ಬೆಳೆಗಳ ಪರಾಗಸ್ಪರ್ಶಕ್ಕೆಂದು 1990ರ ದಶಕದ ಕೊನೆಯಲ್ಲಿ ಚಿಲಿ ದೇಶಕ್ಕೆ ತಂದ ಯುರೋಪಿನ ಬಂಬಲ್‌ಬೀ ತಪ್ಪಿಸಿಕೊಂಡು ಅರ್ಜೆಂಟೀನಾದವರೆಗೂ ಹಬ್ಬಿತು. ಅದು ಹಬ್ಬಿದಲ್ಲೆಲ್ಲ ಅಲ್ಲಿನ ದೈತ್ಯ ಗಾತ್ರದ ಸ್ಥಳೀಯ ಜಾತಿ ಅಪರೂಪವಾಯಿತು.

ಋತು ಮುಗಿಯುವ ಹೊತ್ತಿಗೆ ಗಂಡುಹುಳುಗಳೂ ಹೊಸ ರಾಣಿಯರೂ ಹುಟ್ಟಿ, ಪೆಟ್ಟಿಗೆಯ ತೂಕ ಇಳಿಯತೊಡಗುತ್ತದೆ. ಆಗ ಗೂಡು ಬಿಚ್ಚಿ, ಉಳಿದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾದ ರಾಣಿಕೋಶಗಳನ್ನು ಎಣಿಸಬೇಕು. ಜೇನುನೊಣಗಳಂತೆ ತಿಂಗಳುಗಟ್ಟಲೆ ತುಪ್ಪ ಕೂಡಿಡದ ಈ ಹುಳುಗಳ ಮೇಣದ ಕುಡಿಕೆಗಳಲ್ಲಿ ಇರುವುದು ಕೆಲವೇ ದಿನಗಳ ಮೇವು; ಹಾಗಾಗಿ ತೂಕದ ಗೆರೆ ಮೇಲೇರದೆ ನಿಂತ ವಾರವನ್ನು ಹೂವಿನ ದಾಖಲೆಯೊಂದಿಗೆ ಹೋಲಿಸುವಾಗ, ಅದೇ ವಾರದ ಹಾಳೆಯನ್ನಷ್ಟೇ ನೋಡಿದರೆ ಸಾಲದು. ಇಂದು ಹೊರಬರಬೇಕಿದ್ದ ಕೆಲಸಗಾರ ಹುಳುಗಳು ಮರಿಯಾಗಿದ್ದದ್ದು ಎರಡು ಮೂರು ವಾರಗಳ ಹಿಂದೆ, ಪರಾಗದ ಕೊರತೆಯನ್ನು ಹುಡುಕಬೇಕಾದದ್ದು ಆ ಹಾಳೆಯಲ್ಲಿ.